ಬ್ಯೂನಸ್ ಐರಿಸ್ಸಿನ ಜುಮ್ಮೇರಾತ

ತಿಕೋಟಾದಲ್ಲಿ ಆಗೆಲ್ಲ ಬೇಸಿಗೆ ಬಂತೆಂದರೆ ಒಂದು ಕೊಡ ನೀರಿಗೆ ಬಾವಿಯ ಕಟ್ಟೆಯ ಮೇಲೆ ಹೆಂಗಸರ ನಡುವೆ ಮಹಾಯುದ್ಧವೇ ನಡೆಯುತ್ತಿತ್ತು. ಅಂಥ ಊರಿನ ಪಿಂಜಾರ ಲಾಡಲೇಸಾಬ ಹೋಗಿ ಹೋಗಿ ಹಡಗಿನ ನೌಕರಿ ಹಿಡಿದನೆಂದರೆ ಮಂದಿ ನಗದೆ ಏನು ಮಾಡಬೇಕು? ಅವನಿಗೆ ಈಜಲಿಕ್ಕೂ ಬರುತ್ತಿರಲಿಲ್ಲ. ಯಾರಾದರೂ ಅದನ್ನು ಎತ್ತಿ ಆಡಿದರೆ, "ಹಡಗ ಈಜತೈತಿ, ಅದರಾಗ ಕುಂತ ನಾ ಯಾಕ ಈಜಲಿ?" ಎಂದು ಬಾಯಿ ಮುಚ್ಚಿಸುತ್ತಿದ್ದ. ಬಾಯಿಗೆ ಬಡತನವಿಲ್ಲದ ಮನುಷ್ಯ.

ಗಾದಿ ತುಂಬುವ ಕೆಲಸ ಹುಡುಕಿಕೊಂಡು ಮುಂಬಯಿಗೆ ಹೋದವನು ಅಲ್ಲಿ ಬಂದರಿನ ಹತ್ತಿರದ ಒಂದು ಖಾನಾವಳಿ ಸೇರಿ ಒಲೆಯ ಮುಂದೆ ನಿಂತ. ಅಲ್ಲಿಗೆ ಊಟಕ್ಕೆ ಬರುತ್ತಿದ್ದ ರತ್ನಾಗಿರಿಯ ಸೈಫುದ್ದೀನ ಒಂದು ಹಡಗಿನ ಸಾರಂಗ, ಅಂದರೆ ಹಡಗಿನ ಆಳುಗಳಾದ ಖಲಾಸಿಗಳ ಮುಖ್ಯಸ್ಥ. ಲಾಡಲೇಸಾಬನ ಕೈರುಚಿ ಅವನ ನಾಲಿಗೆಗೆ ಹತ್ತಿತು. ಖಲಾಸಿಗಳಿಗೆ ಅಡಿಗೆ ಮಾಡುವ ಭಂಡಾರಿ ಎಂದು ಹಡಗು ಹತ್ತಿಸಿಕೊಂಡ. ಅಲ್ಲಿಂದ ಮುಂದೆ ಲಾಡಲೇಸಾಬ ರಜೆಗೆ ಊರಿಗೆ ಬಂದರೆ ಒಂದು ಮೆರವಣಿಗೆಯೇ. ಟೆರಿಲಿನ್ ಅಂಗಿ, ಹೆಗಲಿಗೆ ಟ್ರಾನ್ಸಿಸ್ಟರು, ಕಾಲಿಗೆ ಚೂಪು ಮೂತಿಯ ಬೂಟು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಳಿತನೆಂದರೆ ಜಗತ್ತಿನ ಎಲ್ಲ ಊರುಗಳೂ ಅವನ ಬಾಯಲ್ಲಿ. ನೋಡಿದ್ದು ನಾಲ್ಕಾದರೆ ಹೇಳುವುದು ಹತ್ತು. ಕೇಳುವವರಿಗೆ ಗೊತ್ತಿತ್ತು, ಆದರೂ ಕೇಳುತ್ತಿದ್ದರು. ಪುಕ್ಕಟೆ ಸಿಗುವ ಸುಳ್ಳಿಗೆ ಯಾರು ಬೇಡ ಎನ್ನುತ್ತಾರೆ?

ಎಲ್ಲರಿಗಿಂತ ಹೆಚ್ಚು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವನು ಇಸ್ಮಾಯಿಲ. ಲಾಡಲೇಸಾಬನ ಹೆಂಡತಿ ಮುಮತಾಜಳ ತಮ್ಮ. ಗಂಡನನ್ನು ಬೇಗ ಕಳೆದುಕೊಂಡ ಅತ್ತೆ ರಾಜಬಿ ಹತ್ತಿ ಹಿಂಜಿ, ಗಾದಿ ತುಂಬಿ ಈ ಇಬ್ಬರನ್ನೂ ಸಾಕಿದ್ದಳು. ಇಸ್ಮಾಯಿಲ ಹಿಂಜುವ ಬಿಲ್ಲು ಹಿಡಿದರೆ ಹತ್ತಿ ಮಾಳಿಗೆಗೆ ಮುಟ್ಟುವಂತೆ ಹಾರುತ್ತಿತ್ತು, ಅಷ್ಟು ಗಟ್ಟಿ ತೋಳು. ಆದರೆ ವಿಜಾಪುರದ ಗಾಂಧಿ ಚೌಕದ ಹಿಂದೆ ಹತ್ತಿ ಹಿಂಜುವ ಮಶೀನು ಬಂದಿತ್ತು. ಸುತ್ತಲಿನ ಹಳ್ಳಿಯವರು ಗಾದಿ ಹೊತ್ತುಕೊಂಡು ಅಲ್ಲಿಗೇ ಹೋಗತೊಡಗಿದ್ದರು. ಹೊನವಾಡದ ಹುಡುಗಿಯೊಂದಿಗೆ ಇಸ್ಮಾಯಿಲನ ಮದುವೆ ಮಾತಾಗಿತ್ತು. ಮದುವೆಯ ಗಾದಿಯನ್ನೂ ರಾಜಬಿ ತನ್ನ ಕೈಯಾರೆ ತುಂಬಿಟ್ಟಿದ್ದಳು. ಅಷ್ಟರಲ್ಲಿ ಇವನು, ಒಂದು ಸಲ ಹಡಗು ಹತ್ತಿ ಬಂದೇ ಮದುವೆಯಾಗುತ್ತೇನೆ ಎಂದು ಹಟ ಹಿಡಿದ.

ರಾಜಬಿ ಒಪ್ಪಲಿಲ್ಲ. ಎರಡು ದಿನ ಒಲೆ ಹಚ್ಚಲಿಲ್ಲ. ಕಡೆಗೆ ಅಳಿಯನನ್ನು ಎದುರಿಗೆ ಕೂರಿಸಿಕೊಂಡಳು.

"ನನಗ ಇರಾಂವ ಇವನೊಬ್ಬ. ಹೆಂಗ ಒಯ್ಯತಿ ಹಂಗ ತಂದು ನನ್ನ ಮುಂದ ನಿಂದರಸಬೇಕು. ಆಗತೈತೇನು ಹೇಳು."

"ಅತ್ತಿ, ನನ್ನ ಕಣ್ಣ ಮುಂದಿಂದ ಅವನ್ನ ಸರಿಯಾಕ ಬಿಡೂದಿಲ್ಲ," ಎಂದ ಲಾಡಲೇಸಾಬ. ಆಕೆಯ ಕೈಯನ್ನು ತೆಗೆದು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಮಾಡಿದ. ಆ ಹೊತ್ತಿಗೆ ಅವನು ಹೇಳಿದ್ದು ಸುಳ್ಳಲ್ಲ.

ರಾಜಬಿ ಮಗನಿಗೆ ಒಂದೇ ಮಾತು ಹೇಳಿ ಕಳಿಸಿದಳು. "ಯಾವ ಊರಾಗ ದರ್ಗಾ ಕಂಡರೂ ಹಂಗ ದಾಟಿ ಹೋಗಬ್ಯಾಡ. ತಲಿಮ್ಯಾಲ ಬಟ್ಟಿ ಹಾಕ್ಕೊಂಡು ಒಂದ ಸುತ್ತ ಹಾಕು, ಅವ್ವನ ಸಲಾಂ ಅಂತ ಹೇಳಿ ಬಾ."

ಅದು ಎಮರ್ಜೆನ್ಸಿ ಮುಗಿದ ಮರುವರ್ಷ. ಸಾರಂಗನ ಕೈಕಾಲು ಹಿಡಿದು ಇಸ್ಮಾಯಿಲನನ್ನು ಅದೇ ಹಡಗಿನಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಹಚ್ಚಿದ್ದಾಯಿತು. ಕಲಕತ್ತೆಯಲ್ಲಿ ಸೆಣಬಿನ ಚೀಲಗಳನ್ನು ಹೇರಿಕೊಂಡು ಹಡಗು ದಕ್ಷಿಣ ಅಮೆರಿಕೆಯ ಅರ್ಜೆಂಟೀನಕ್ಕೆ ಹೊರಟಿತು. ಅಲ್ಲಿನ ರಾಜಧಾನಿ ಬ್ಯೂನಸ್ ಐರಿಸ್. ಚೀಲ ಇಳಿಸಿ ಗೋಧಿ ತುಂಬಿಕೊಂಡು ಬರಬೇಕು. ಮೊದಲ ವಾರವೆಲ್ಲ ಇಸ್ಮಾಯಿಲ ವಾಂತಿ ಮಾಡಿದ, ಅವ್ವನನ್ನು ನೆನೆದು ಅತ್ತ, ಆಮೇಲೆ ಹೊಂದಿಕೊಂಡ.

ಹಡಗು ಆ ನಗರದ ನದಿಯೊಳಗೆ ಬಂದಾಗ ಇಸ್ಮಾಯಿಲ ಅದನ್ನು ನದಿ ಎಂದು ನಂಬಲೇ ಇಲ್ಲ. ಆಚೆ ದಂಡೆ ಕಾಣದ್ದು ನದಿ ಹೇಗಾದೀತು? ನೀರು ಮಾತ್ರ ಮಳೆಗಾಲದ ಡೋಣಿ ಹೊಳೆಯ ಬಣ್ಣದ್ದೇ. ಕಟಕಟೆ ಹಿಡಿದು ನೋಡುತ್ತಲೇ ನಿಂತ. ದೂರದಲ್ಲಿ ಕಟ್ಟಡಗಳು ಕಾಣತೊಡಗಿದವು, ಎಷ್ಟು ಹೊತ್ತಾದರೂ ಮುಗಿಯಲಿಲ್ಲ.

ಅಲ್ಲಿ ಎಲ್ಲವೂ ತಿರುಗುಮುರುಗು. ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ನಿಲ್ಲುತ್ತಿದ್ದ. ಮಾರ್ಚ್ ತಿಂಗಳು, ಊರಲ್ಲಿ ಬಿಸಿಲು ಏರುವ ಕಾಲ. ಇಲ್ಲಿ ಬೇಸಿಗೆ ಮುಗಿದು ಗಿಡಗಳ ಎಲೆ ಉದುರುತ್ತಿದ್ದವು. ನಮಾಜಿಗೆ ಇಸ್ಮಾಯಿಲ ರೂಢಿಯಂತೆ ಪಡುವಣಕ್ಕೆ ತಿರುಗಿದರೆ ಸಾರಂಗ ಸೈಫುದ್ದೀನ ಅವನ ಭುಜ ಹಿಡಿದು ಮೂಡಣಕ್ಕೆ ತಿರುಗಿಸಿದ. ಮಕ್ಕಾ ಇಲ್ಲಿಂದ ಆ ಕಡೆಗೆ. ಇಸ್ಮಾಯಿಲನಿಗೆ ನಗು ಬಂತು.

"ಮಾಮಾ, ಅವ್ವ ಅಲ್ಲಿ ಪಡುವಣಕ್ಕ ಮಾರಿ ಮಾಡಿ ನಿಂತಿರತಾಳ, ನಾ ಇಲ್ಲಿ ಮೂಡಣಕ್ಕ. ಇಬ್ಬರೂ ಎದರಾಎದರ ನಿಂತಂಗಾತು ನೋಡು," ಎಂದ.

ಮೊದಲ ದಿನ ಊರೊಳಗೆ ಹೋಗಲು ಪಾಸು ಸಿಕ್ಕಾಗ ಲಾಡಲೇಸಾಬ ಹೊಸ ಬೂಟು ಹಾಕಿಕೊಂಡ. ಆ ಊರನ್ನು ಅವನೂ ಮೊದಲ ಸಲ ನೋಡುತ್ತಿದ್ದ, ಆದರೆ ಹಾಗೆಂದು ಹೇಳಿದರೆ ಅವನು ಲಾಡಲೇಸಾಬನೇ ಅಲ್ಲ. ಎಲ್ಲವೂ ಗೊತ್ತಿದ್ದವನಂತೆ ಕೈ ಮಾಡಿ ತೋರಿಸುತ್ತ ನಡೆದ. ಅಂಥ ಊರನ್ನು ಇಬ್ಬರೂ ಕಂಡಿರಲಿಲ್ಲ. ಒಂದು ರಸ್ತೆಯಂತೂ ಎಷ್ಟು ಅಗಲವಿತ್ತೆಂದರೆ, ದಾಟಲು ಹೊರಟವರು ಅರ್ಧಕ್ಕೆ ಬರುವುದರೊಳಗೆ ಕೆಂಪು ದೀಪ ಬಿದ್ದು ನಡುವೆ ನಿಲ್ಲಬೇಕಾಯಿತು. ಆ ರಸ್ತೆಯ ಮಧ್ಯದಲ್ಲಿ ಮುಗಿಲಿಗೆ ಚುಚ್ಚುವಂಥ ಒಂದು ಕಲ್ಲಿನ ಕಂಬ. ಮನೆಗಳಿಗೆ ಕಬ್ಬಿಣದ ಹೂಬಳ್ಳಿಯ ಕಟಕಟೆಗಳು. ಸಂದಿಗೊಂದು ಅಂಗಡಿಯಲ್ಲಿ ಕೆಂಡದ ಮೇಲೆ ಸುಡುತ್ತಿದ್ದ ಮಾಂಸದ ಹೊಗೆ. ಗಂಡಸರು ಗಂಡಸರ ಕೆನ್ನೆಗೆ ಮುತ್ತಿಡುತ್ತಿದ್ದುದನ್ನು ನೋಡಿ ಇಸ್ಮಾಯಿಲ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಮುದುಕರು ಸಣ್ಣ ಬುರುಡೆಯೊಂದರಲ್ಲಿ ಎಂಥದೋ ಸೊಪ್ಪಿನ ನೀರು ಹಾಕಿ, ಒಂದೇ ಕೊಳವೆಯಿಂದ ಹೀರಿ ಪಕ್ಕದವನಿಗೆ ದಾಟಿಸುತ್ತಿದ್ದರು. "ಹುಕ್ಕಾ ಸೇದಿದಂಗ ನೀರ ಸೇದತಾರಲ್ಲೋ!" ಎಂದು ಅವನಿಗೆ ಅದೊಂದು ದೊಡ್ಡ ಸೋಜಿಗ.

ಆ ವರ್ಷ ಅಲ್ಲಿ ಫುಟ್‌ಬಾಲಿನ ಜಾಗತಿಕ ಪಂದ್ಯಾಟ ನಡೆಯಲಿಕ್ಕಿತ್ತು. ಗೋಡೆಗಳಿಗೆ ಬಣ್ಣ ಹೊಡೆಯುತ್ತಿದ್ದರು, ರಸ್ತೆ ತೊಳೆಯುತ್ತಿದ್ದರು. ಹಬ್ಬಕ್ಕೆ ಸಜ್ಜಾಗುತ್ತಿದ್ದ ಆ ಊರಿನಲ್ಲಿ ಮಂದಿ ಮಾತ್ರ ದನಿ ತಗ್ಗಿಸಿ ಮಾತಾಡುತ್ತಿದ್ದರು. ದೇಶ ಸೈನ್ಯದ ಆಳ್ವಿಕೆಯಲ್ಲಿತ್ತು. ಬಂದೂಕು ಹಿಡಿದ ಸೈನಿಕ ಎದುರಾದರೆ ನೆಲ ನೋಡಿಕೊಂಡು ದಾಟುತ್ತಿದ್ದರು. ಲಾಡಲೇಸಾಬನ ಕಣ್ಣಿಗೂ ಅದು ಬಿತ್ತು. ಎಮರ್ಜೆನ್ಸಿಯಲ್ಲಿ ವಿಜಾಪುರದ ಚಹಾದಂಗಡಿಗಳು ಹೀಗೇ ಸುಮ್ಮನಾಗಿದ್ದವು ಎಂದು ನೆನಪಾಯಿತು, ಅಷ್ಟೇ. ಸಾರಂಗ ಮೊದಲೇ ಎಚ್ಚರಿಸಿದ್ದ: ಕತ್ತಲಾಗುವುದರೊಳಗೆ ಹಡಗಿಗೆ ಬರಬೇಕು, ಎಲ್ಲಿಯಾದರೂ ಗುಂಪು ಕಂಡರೆ ನಿಲ್ಲಬಾರದು.

ಅವರು ಎರಡನೆಯ ಸಲ ಊರೊಳಗೆ ಹೋದದ್ದು ಒಂದು ಜುಮ್ಮೇರಾತದ ಮಧ್ಯಾಹ್ನ, ಅಂದರೆ ಗುರುವಾರ. ತಿಕೋಟಾದಲ್ಲಿ ಅದು ದರ್ಗಾಕ್ಕೆ ಹೋಗುವ ದಿನ. ತಿರುಗಾಡುತ್ತ ಒಂದು ದೊಡ್ಡ ಚೌಕಕ್ಕೆ ಬಂದರು. ಎದುರಿಗೆ ಗುಲಾಬಿ ಬಣ್ಣದ ಸರಕಾರಿ ಅರಮನೆ, ಅಂಗಳದ ತುಂಬ ಪಾರಿವಾಳ, ನಡುವೆ ಬಿಳಿಯ ಗೋಪುರದಂಥ ಒಂದು ಕಟ್ಟೆ. ಹೊಸ ಬೂಟು ಲಾಡಲೇಸಾಬನ ಹಿಮ್ಮಡಿಯನ್ನು ಕಚ್ಚಿ ರಕ್ತ ಬರಿಸಿತ್ತು. ಅವನು ಕುಂಟುತ್ತ ಹೋಗಿ ಬೆಂಚಿನ ಮೇಲೆ ಕುಳಿತ.

ಆಗ ಇಸ್ಮಾಯಿಲ ಆ ಹೆಂಗಸರನ್ನು ಕಂಡ. ಎಲ್ಲರೂ ವಯಸ್ಸಾದವರು. ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಇಬ್ಬಿಬ್ಬರಾಗಿ ತೋಳು ಹಿಡಿದುಕೊಂಡು, ಆ ಬಿಳಿ ಕಟ್ಟೆಯ ಸುತ್ತ ಸುಮ್ಮನೆ ಸುತ್ತು ಹಾಕುತ್ತಿದ್ದರು. ಕೆಲವರ ಕೈಯಲ್ಲಿ ಸಣ್ಣ ಫೋಟೋ. ಅಳುವಿಲ್ಲ, ಕೂಗಿಲ್ಲ. ಸುತ್ತಲೂ ನಿಂತ ಪೋಲೀಸರ ಕಡೆಗೆ ನೋಡುತ್ತಲೂ ಇರಲಿಲ್ಲ.

"ಮಾಮಾ, ಏನಿದು?"

ಗೊತ್ತಿಲ್ಲ ಎಂಬ ಮಾತು ಆ ಮನುಷ್ಯನ ಬಾಯಲ್ಲಿ ಎಂದಾದರೂ ಬಂದಿದ್ದರೆ ತಾನೇ? ನಮ್ಮ ಕಡೆಯವನು ಯಾವನಿದ್ದರೂ ಅದನ್ನೇ ಹೇಳುತ್ತಿದ್ದ ಎನ್ನುವುದೂ ನಿಜ. "ದರ್ಗಾ ಐತಿ. ಆ ಕಟ್ಟಿ ಕೆಳಗ ಯಾರೋ ದೊಡ್ಡವರು ಮಲಗ್ಯಾರ. ಜುಮ್ಮೇರಾತ ಅಲ್ಲೇನು ಇವತ್ತ? ಮಕ್ಕಳಿಗೆ ಜಡ್ಡಗಿಡ್ಡ ಆಗಿರಬೇಕು, ಹರಕಿ ಹೊತ್ತು ಸುತ್ತ ಹಾಕಾಕತ್ತಾರ," ಎಂದ.

"ಹಂಗಾರ ಅವ್ವನ ಸಲಾಂ ಹೇಳಿ ಬರತೇನಿ."

"ಹೋಗಿ ಬಾ. ನನ್ನ ಕಾಲ ನಡ್ಯಾಕ ಬರವಲ್ಲದು, ಇಲ್ಲೇ ಕುಂತಿರತೇನಿ."

ಇಸ್ಮಾಯಿಲ ಚಪ್ಪಲಿ ಬೆಂಚಿನ ಕೆಳಗೆ ಬಿಟ್ಟ. ಕರವಸ್ತ್ರ ತಲೆಗೆ ಹಾಕಿಕೊಂಡು ಹೋಗಿ ಒಬ್ಬಂಟಿಯಾಗಿ ನಡೆಯುತ್ತಿದ್ದ ಮುದುಕಿಯೊಬ್ಬಳ ಪಕ್ಕ ಸೇರಿಕೊಂಡ. ಕಪ್ಪು ಬಣ್ಣದ, ಬರಿಗಾಲಿನ ಈ ಪರದೇಶಿ ಹುಡುಗನನ್ನು ನೋಡಿ ಆಕೆ ಗಾಬರಿಯಾದಳು, ಆಮೇಲೆ ಏನು ಅನಿಸಿತೋ ಅವನ ತೋಳು ಹಿಡಿದಳು. ಏನೋ ಕೇಳಿದಳು. ಇವನು "ಹೌದವ್ವಾ, ಹೌದು" ಎನ್ನುತ್ತ ತಲೆಯಾಡಿಸಿದ. ಲಾಡಲೇಸಾಬ ಬೂಟು ಬಿಚ್ಚಿ ಹಿಮ್ಮಡಿ ತಿಕ್ಕುತ್ತ, ಊರಿಗೆ ಹೋಗಿ ಇದನ್ನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಕತೆ ಕಟ್ಟುತ್ತಿದ್ದ.

ಹೆಂಗಸರು ಇನ್ನೊಂದು ಸುತ್ತಿಗೆ ತಿರುಗುವಾಗ ಚೌಕದ ಅಂಚಿಗೆ ಒಂದು ಹಸಿರು ಕಾರು ಬಂದು ನಿಂತಿತು. ಅದಕ್ಕೆ ನಂಬರು ಇರಲಿಲ್ಲ. ಸಾದಾ ಬಟ್ಟೆಯ ಇಬ್ಬರು ಇಳಿದು ನೆಟ್ಟಗೆ ಹೋಗಿ ಇಸ್ಮಾಯಿಲನ ಎರಡೂ ತೋಳು ಹಿಡಿದರು. ಮುದುಕಿ ಅವನನ್ನು ಬಿಡಲಿಲ್ಲ. ಅವಳನ್ನು ತಳ್ಳಿ ಕೆಡವಿದರು. ಇಸ್ಮಾಯಿಲ ಬೆಂಚಿನ ಕಡೆ ತಿರುಗಿ "ಮಾಮಾ!" ಎಂದು ಕೂಗಿದ. ಲಾಡಲೇಸಾಬ ಒಂದು ಕಾಲಲ್ಲಿ ಬೂಟು, ಒಂದು ಕಾಲು ಬರಿದು, ಹಾಗೇ ಓಡಿದ. ಕಾರಿನ ಪಕ್ಕ ನಿಂತಿದ್ದ ಮೂರನೆಯವನು ಇವನನ್ನು ನೋಡಿ ಕೋಟಿನೊಳಗೆ ಕೈ ಹಾಕಿದ. ಲಾಡಲೇಸಾಬ ನಿಂತುಬಿಟ್ಟ. ನೀವಾಗಲಿ ನಾನಾಗಲಿ ಇದ್ದರೂ ನಿಲ್ಲುತ್ತಿದ್ದೆವು. ಚಹಾದಂಗಡಿಯಲ್ಲಿ ಕುಳಿತು ಶೂರರಾಗುವುದು ಬಹಳ ಸುಲಭ. ಬಾಗಿಲು ಬಡಿದುಕೊಂಡಿತು, ಕಾರು ಹೋಯಿತು.

ಸಾರಂಗ ಓಡಾಡಿದ, ಕಪ್ತಾನನೂ ಓಡಾಡಿದ. ಯಾವ ಠಾಣೆಯಲ್ಲಿ ಕೇಳಿದರೂ ಒಂದೇ ಉತ್ತರ: ಅಂಥವನು ಇಲ್ಲಿಲ್ಲ, ಅಂಥವನನ್ನು ಯಾರೂ ಹಿಡಿದಿಲ್ಲ. ಆ ದಿನ ಚೌಕದಲ್ಲಿ ಏನೂ ನಡೆದೇ ಇಲ್ಲ ಎಂದೂ ಹೇಳಿದರು. ಕಡೆಗೆ ಹಡಗಿನ ದಫ್ತರಿನಲ್ಲಿ ಇಸ್ಮಾಯಿಲ ಹಡಗು ಬಿಟ್ಟು ಓಡಿಹೋದವನಾದ. ಚಪ್ಪಲಿ ಬಿಟ್ಟು ಯಾರಾದರೂ ಓಡಿಹೋಗುತ್ತಾರೆಯೇ ಎಂದು ಲಾಡಲೇಸಾಬ ಎಲ್ಲರನ್ನೂ ಕೇಳಿದ.

ಮಳೆ ಹಿಡಿದದ್ದರಿಂದ ಗೋಧಿ ತುಂಬುವುದು ತಡವಾಯಿತು. ಇನ್ನೊಂದು ಜುಮ್ಮೇರಾತ ಬಂತು. ಸಾರಂಗ ಬೇಡ ಬೇಡ ಎಂದರೂ ಲಾಡಲೇಸಾಬ ರಬ್ಬರು ಚಪ್ಪಲಿ ಮೆಟ್ಟಿಕೊಂಡು ಆ ಚೌಕಕ್ಕೆ ಹೋಗಿ ಅದೇ ಬೆಂಚಿನ ಮೇಲೆ ಕುಳಿತ. ಹೆಂಗಸರು ಬಂದರು. ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಆ ಮುದುಕಿಯೂ ಬಂದಳು. ಲಾಡಲೇಸಾಬ ಕಿಸೆಯಿಂದ ಇಸ್ಮಾಯಿಲನ ಫೋಟೋ ತೆಗೆದು ಹಿಡಿದ. ಹಡಗಿನ ನೌಕರಿಗೆಂದು ಗಾಂಧಿ ಚೌಕದ ಸ್ಟುಡಿಯೋದಲ್ಲಿ ತೆಗೆಸಿದ್ದು. ಎಣ್ಣೆ ಹಚ್ಚಿ ಬಾಚಿದ ತಲೆ, ಹಿಂದೆ ಬಣ್ಣದ ಪರದೆಯ ಹೂದೋಟ.

ಮುದುಕಿ ಅವನ ಪಕ್ಕದಲ್ಲಿ ಕುಸಿದು ಕುಳಿತಳು. ತನ್ನ ಚೀಲದಿಂದ ಇನ್ನೊಂದು ಫೋಟೋ ತೆಗೆದಳು. ಕನ್ನಡಕ ಹಾಕಿಕೊಂಡ, ನಗುತ್ತಿದ್ದ ಒಬ್ಬ ಹುಡುಗ. ಅವನನ್ನು ಮುಟ್ಟಿ ತನ್ನ ಹೊಟ್ಟೆ ಮುಟ್ಟಿಕೊಂಡಳು. ಆಮೇಲೆ ತನ್ನ ಎರಡೂ ತೋಳುಗಳನ್ನು ಯಾರೋ ಹಿಡಿದಂತೆ ಮಾಡಿ, ಕಾರು ನಿಂತಿದ್ದ ಕಡೆಗೆ ಬೆರಳು ತೋರಿಸಿದಳು. ಸುತ್ತು ಹಾಕುತ್ತಿದ್ದ ಉಳಿದವರನ್ನೂ ಒಬ್ಬೊಬ್ಬರಾಗಿ ತೋರಿಸಿದಳು. ಲಾಡಲೇಸಾಬನಿಗೆ ಅಲ್ಲಿಯ ಭಾಷೆಯ ಒಂದಕ್ಷರ ಬರುತ್ತಿರಲಿಲ್ಲ, ಆದರೆ ಎಲ್ಲ ತಿಳಿಯಿತು. ಅವರು ಜಡ್ಡಿನ ಮಕ್ಕಳಿಗಾಗಿ ಹರಕೆ ಹೊತ್ತವರಲ್ಲ. ಆ ಕಟ್ಟೆಯ ಕೆಳಗೆ ಯಾರೂ ಮಲಗಿರಲಿಲ್ಲ. ತಮ್ಮ ಮಕ್ಕಳು ಎಲ್ಲಿ ಮಲಗಿದ್ದಾರೆಂದು ತಿಳಿಯದೇ ಅವರು ಅಲ್ಲಿ ಸುತ್ತುತ್ತಿದ್ದರು. ಅವನಿಗೆ ಎದೆ ಒಡೆದು ಅಳು ಬಂತು, ಪೋಲೀಸರ ಎದುರಿಗೇ ಅತ್ತ.

ಪೋಲೀಸರು ಗದರಿಸುತ್ತ ಹತ್ತಿರ ಬಂದರು. ಮುದುಕಿ ಗಡಬಡಿಸಿ ಎದ್ದು ಇಸ್ಮಾಯಿಲನ ಫೋಟೋವನ್ನು ತನ್ನ ಕೈಗೆ ತೆಗೆದುಕೊಂಡಳು. ತನ್ನ ಮಗನದನ್ನು ಲಾಡಲೇಸಾಬನ ಅಂಗೈಯಲ್ಲಿಟ್ಟು ಬೆರಳು ಮುಚ್ಚಿಸಿದಳು. ಇಸ್ಮಾಯಿಲನನ್ನು ಎದೆಗೆ ಹಿಡಿದುಕೊಂಡು ಹೋಗಿ ಸಾಲಿಗೆ ಸೇರಿದಳು.

ಲಾಡಲೇಸಾಬ ವಿಜಾಪುರದಿಂದ ಬಸ್ಸು ಹಿಡಿದು ತಿಕೋಟಾದಲ್ಲಿ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಚಹಾದಂಗಡಿಯವರು "ಏನೇನ ನೋಡಿ ಬಂದ್ಯೋ ಈ ಸಲ?" ಎಂದು ಕೂಗಿದರು. ಅವನು ತಲೆ ಎತ್ತಲಿಲ್ಲ. ರಾಜಬಿ ಬಾಗಿಲಲ್ಲಿ ಹತ್ತಿ ಬಿಡಿಸುತ್ತ ಕುಳಿತಿದ್ದಳು. ಅಳಿಯನನ್ನು ನೋಡಿದಳು, ಅವನ ಬೆನ್ನ ಹಿಂದೆ ನೋಡಿದಳು.

"ಇಸ್ಮಾಯಿಲ ಎಲ್ಲದಾನ? ಸಾಮಾನ ಇಳಸಾಕತ್ತಾನೇನು?"

ಲಾಡಲೇಸಾಬ ಹೊಸ್ತಿಲ ಹೊರಗೇ ಕುಳಿತು ಎಲ್ಲ ಹೇಳಿದ. ಈ ಸಲ ಒಂದು ಮಾತನ್ನೂ ಉಬ್ಬಿಸಿ ಹೇಳಲಿಲ್ಲ. ನಮಾಜಿನ ಹೊತ್ತು ಇಸ್ಮಾಯಿಲ ನಕ್ಕು ಆಡಿದ ಮಾತು, ತಾನೇ ದರ್ಗಾ ಎಂದದ್ದು, ಬೂಟು ಕಚ್ಚಿತೆಂದು ಕುಳಿತದ್ದು, ಓಡಿ ಹೋಗಿ ನಿಂತದ್ದು, ಯಾವುದನ್ನೂ ಬಿಡಲಿಲ್ಲ.

ಅವನು ಚಾಚಿದ ಫೋಟೋವನ್ನು ರಾಜಬಿ ಕೈಗೆ ತೆಗೆದುಕೊಂಡಳು. "ದರ್ಗಾ ಕಂಡರ ದಾಟಿ ಹೋಗಬ್ಯಾಡ ಅಂತ ಹೇಳಿದಾಕಿ ನಾನ," ಎಂದಳು. ಆಮೇಲೆ ಎದ್ದು ಬಂದು ಅಳಿಯನ ಎದೆಗೆ ಎರಡೂ ಕೈಯಿಂದ ಗುದ್ದಿದಳು. "ನನ್ನ ಮಗನ್ನ ಒಯ್ದು ಯಾರೋ ಪರದೇಶಿಯವನ ಫೋಟೋ ತಂದೇನು? ಇದನ್ನ ಇಟಗೊಂಡು ನಾ ಏನ ಮಾಡಲಿ?" ಫೋಟೋವನ್ನು ಅಂಗಳಕ್ಕೆ ಒಗೆದಳು. ಮುಮತಾಜ ಅಳುತ್ತ ಹೋಗಿ ಅದನ್ನು ಆರಿಸಿ ತಂದು ಗೋಡೆಯ ಗೂಡಿನಲ್ಲಿಟ್ಟಳು. ಆ ದಿನದಿಂದ ರಾಜಬಿ ಅಳಿಯನ ಜೊತೆ ಮಾತು ಬಿಟ್ಟಳು. ಹೇಳುವುದಿದ್ದರೆ ಮಗಳ ಮುಂದೆ ಹೇಳುತ್ತಿದ್ದಳು.

ಊರ ಮಂದಿ ಬಾಯಿಗೆ ಬಂದಂತೆ ಆಡಿದರು. ಬಿಳಿ ಹೆಂಗಸಿನ ಹಿಂದೆ ಹೋದ ಎಂದವರೂ ಇದ್ದರು. ಹೊನವಾಡದವರು ವರ್ಷ ಕಾದು ಹುಡುಗಿಯನ್ನು ಬೇರೆ ಕಡೆ ಕೊಟ್ಟರು, ಅವರನ್ನು ಅನ್ನುವಂತಿಲ್ಲ. ಮದುವೆಯ ಗಾದಿ ಸುತ್ತಿಟ್ಟಲ್ಲೇ ಉಳಿಯಿತು. ಮಸೀದಿಯ ಹಿರಿಯ ಲಾಲಸಾಬ ಬಂದು, ಹುಡುಗನ ಹೆಸರಿನಲ್ಲಿ, ಸತ್ತವರಿಗೆ ಓದುವ ಫಾತಿಹಾ ಓದಿಸಿ ಹತ್ತು ಮಂದಿಗೆ ಉಣ್ಣಿಸಿದರೆ ಮನಸ್ಸಿಗೆ ಸಮಾಧಾನವಾದೀತು ಎಂದು ಮೆಲ್ಲಗೆ ಹೇಳಿದ.

"ಅವನಿಗೆ ಮಣ್ಣ ಕೊಟ್ಟವರ ಯಾರರಿ ಚಾಚಾ? ಕಂಡವರ ಯಾರು?" ಎಂದಳು ರಾಜಬಿ. "ಜೀವಂತ ಇರಾಂವಗ ಫಾತಿಹಾ ಓದಸೂದಿಲ್ಲ. ನಾ ನಮಾಜಿಗೆ ನಿಂತರ ಅವ ನನ್ನ ಎದರಿಗೇ ನಿಂತಿರತಾನ. ಅವನ ಹೇಳಿದ ಮಾತದು."

ಒಂದು ಜುಮ್ಮೇರಾತ ಸಂಜೆ ರಾಜಬಿ ಗೂಡಿನಿಂದ ಆ ಫೋಟೋ ತೆಗೆದು ಸೆರಗಿನಿಂದ ಒರೆಸಿದಳು. ಹಿಂದುಗಡೆ ಏನೋ ಬರೆದಿತ್ತು. ಊರಲ್ಲಿ ಯಾರಿಗೂ ಓದಲು ಬರಲಿಲ್ಲ. ತಲೆಗೆ ಬಿಳಿ ಓಢಣಿ ಹೊದ್ದು, ಫೋಟೋವನ್ನು ಕೈಯಲ್ಲಿ ಹಿಡಿದುಕೊಂಡು ಊರ ಹೊರಗಿನ ದರ್ಗಾಕ್ಕೆ ಹೋಗಿ ಸುತ್ತು ಹಾಕಿದಳು. ಮುಂದಿನ ವಾರವೂ ಹೋದಳು. ದರ್ಗಾ ನೋಡಿಕೊಳ್ಳುವ ಮುಜಾವರ ಪೀರಸಾಬನಿಗೆ ಇದು ಸರಿಬರಲಿಲ್ಲ.

"ರಾಜಬಿ, ಯಾರದದು? ನಮ್ಮವರಲ್ಲ, ತಮ್ಮವರಲ್ಲ. ನಿನ್ನ ಮಗನಿಗೆ ದುವಾ ಕೇಳು, ಇವನ್ನ್ಯಾಕ ಹೊತಗೊಂಡ ತಿರಗತಿ?"

"ನನ್ನ ಮಗನ್ನ ಹಿಡಕೊಂಡು ಅಲ್ಲಿ ಆಕಿ ತಿರಗಾಕತ್ತಾಳ," ಎಂದಳು ರಾಜಬಿ. "ಇವನ್ನ ನಾ ಇಲ್ಲಿ ಬಿಟ್ಟರ, ಅಲ್ಲಿ ಆಕಿ ನನ್ನವನ್ನ ಬಿಡತಾಳ."

ಪೀರಸಾಬ ಬದಿಗೆ ಸರಿದ.

ಲಾಡಲೇಸಾಬ ಮತ್ತೆ ಹಡಗು ಹತ್ತಲಿಲ್ಲ. ಗಾಂಧಿ ಚೌಕದ ಹಿಂದಿನ ಆ ಹಿಂಜುವ ಮಶೀನಿನ ಮೇಲೆಯೇ ಕೂಲಿಗೆ ನಿಂತ. ಟ್ರಾನ್ಸಿಸ್ಟರು ಹೋಯಿತು, ಬೂಟು ಹೋಯಿತು, ಮಾತೂ ಹೋಯಿತು. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ದೇಶಾಂತರದ ಕತೆ ಕೇಳಿದರೆ, "ಗೊತ್ತಿಲ್ಲೋ ಯಪ್ಪಾ" ಎನ್ನುತ್ತಿದ್ದ. ಪ್ರತಿ ಜುಮ್ಮೇರಾತ ಅತ್ತೆಯ ಹಿಂದೆ ನಾಲ್ಕು ಮಾರು ದೂರದಲ್ಲಿ ದರ್ಗಾದವರೆಗೆ ಹೋಗಿ ಹೊರಗೇ ಕುಳಿತಿರುತ್ತಿದ್ದ. ಒಳಗೆ ಹೋಗಿ ಸುತ್ತು ಹಾಕಲು ಅವನಿಗೆ ಧೈರ್ಯವಿರಲಿಲ್ಲ. ಇಸ್ಮಾಯಿಲ ಬರಲಿಲ್ಲ. ಆ ಕನ್ನಡಕದ ಹುಡುಗನೂ ತನ್ನ ಮನೆಗೆ ಬಂದಿರಲಿಕ್ಕಿಲ್ಲ.

ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ ರಾಜಬಿಯ ಮೊಣಕಾಲು ಬಾತವು. ಜುಮ್ಮೇರಾತ ಸಂಜೆ ಗೋಡೆ ಹಿಡಿದು ಏಳಲು ನೋಡಿದಳು, ಆಗಲಿಲ್ಲ. ಮತ್ತೊಮ್ಮೆ ನೋಡಿದಳು. ಮುಮತಾಜ ತಾನು ಹೋಗುತ್ತೇನೆಂದು ಓಢಣಿ ತೆಗೆದುಕೊಂಡಳು. ರಾಜಬಿ ಕೈ ಮಾಡಿ ಅವಳನ್ನು ತಡೆದಳು. ಅಂಗಳದಲ್ಲಿ ಕುಳಿತಿದ್ದ ಅಳಿಯನ ಕಡೆಗೆ ಫೋಟೋ ಚಾಚಿದಳು.

"ನನ್ನ ಕಾಲ ಏಳವಲ್ಲವು," ಎಂದಳು. ಅವನ ಕೂಡ ಅವಳು ಮಾತಾಡಿ ಒಂದು ವರ್ಷದ ಮೇಲಾಗಿತ್ತು. "ಆ ದಿನ ಕುಂತಿದ್ದಿ. ಇವತ್ತ ನೀ ಹಾಕಿ ಬಾ."

ಲಾಡಲೇಸಾಬ ಎದ್ದು ಬಂದು ಎರಡೂ ಕೈ ಚಾಚಿ ಫೋಟೋ ಇಸಿದುಕೊಂಡ. ತಲೆಗೆ ಕರವಸ್ತ್ರ ಹಾಕಿಕೊಂಡು, ಚಪ್ಪಲಿಯನ್ನು ಅಲ್ಲೇ ಅಂಗಳದಲ್ಲಿ ಬಿಟ್ಟು, ಕೆಸರಿನಲ್ಲಿ ದರ್ಗಾದ ಕಡೆಗೆ ನಡೆದ.